ಲ್ಯಾಬ್ ಫ್ರಿಜ್ಜಿಗೆ ತೀರ್ಥ ಚಿಮುಕಿಸಿದ್ದು

ಮೊನ್ನೆ ಮೊನ್ನೆ ನಾನು ನೀಲಿ ಇಂಕಿನಲ್ಲಿ ಪೂಜೆ ಮಾಡಿದೆ.

ನಗಬೇಡಿ. ಎಡಗೈಯಲ್ಲಿ ತಂಬಿಗೆ, ತಂಬಿಗೆಯಲ್ಲಿ ನೀಲಿ ನೀರು, ಬಲಗೈಯಲ್ಲಿ ಮಾವಿನ ಎಲೆ. ಎದುರಿಗೆ ಬಾಗಿಲು ತೆರೆದ ಫ್ರಿಜ್. ಪಕ್ಕದಲ್ಲಿ ಬಿಳಿ ಕೋಟಿನ ಹೆಣ್ಣುಮಗಳೊಬ್ಬರು ನಿಂತು, “ಮಂತ್ರನೂ ಹೇಳಿ ಮಂಜಣ್ಣ, ಇಲ್ಲಾಂದ್ರೆ ಕೈ ಬೇರೆ ಥರ ಓಡತ್ತೆ” ಅನ್ನುತ್ತಿದ್ದಾರೆ. ಈ ವಯಸ್ಸಿನಲ್ಲಿ ನನಗೆ ಇದೆಲ್ಲ ಬೇಕಿತ್ತಾ?

ಬೇಕಿತ್ತು. ಯಾಕೆ ಅಂತ ಹೇಳುತ್ತೇನೆ. (ಪ್ರತಿ ವಾರ ಈ ಅಂಕಣದಲ್ಲಿ ಊರವರ ತಪ್ಪು ಹುಡುಕಿ ಬರೆಯುತ್ತಿದ್ದೆ. ಈ ವಾರ ಊರವರಿಗೆ ರಜೆ.)

ನಿಮಗೆ ಗೊತ್ತೇ ಇದೆ, ಹೊಸನಗರ–ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೆಲಸ ಬಿಟ್ಟ ಮೇಲೆ ನಾನು ಸಾಗರದ ಒಂದು ಸಣ್ಣ ಬಯೋಟೆಕ್ ಕಂಪನಿ ಸೇರಿಕೊಂಡೆ. ಓದಿದ್ದು ಎಸ್ಸೆಸ್ಸೆಲ್ಸಿ. ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತೇನೆ, ಫ್ರಿಜ್ಜಿನ ಟೆಂಪರೇಚರ್ ನೋಡುತ್ತೇನೆ, ಆಟೋಕ್ಲೇವ್ ಹಚ್ಚುತ್ತೇನೆ. (ದೊಡ್ಡ ಕುಕ್ಕರ್ ಅಂದುಕೊಳ್ಳಿ. ಒಳಗೆ ಹೋದ ಯಾವ ಜೀವವೂ ಬದುಕಿ ಹೊರಗೆ ಬರುವುದಿಲ್ಲ. ಹಾಗೆ ಒಂದು ಜೀವಾಣುವೂ ಉಳಿಯದ್ದಕ್ಕೆ ಲ್ಯಾಬಿನಲ್ಲಿ ‘ಸ್ಟೆರೈಲ್’ ಅನ್ನುತ್ತಾರೆ.) ಕಾಳುಮೆಣಸಿನ ಬಳ್ಳಿಗೆ ಬರುವ ಸೊರಗು ರೋಗ ತಡೆಯಲು ಬುಡಕ್ಕೆ ಒಂದು ಪುಡಿ ಹಾಕುತ್ತಾರಲ್ಲ, ನಾವು ತಯಾರಿಸುವುದು ಅದನ್ನೇ. ಆ ಪುಡಿಯಲ್ಲಿರುವುದು ಜೀವಂತ ಶಿಲೀಂಧ್ರ, ರೈತನ ಪಕ್ಷದ ಬೂಷ್ಟು.

ವೀಣಾ ಮೇಡಂ ನಮ್ಮ ಕ್ವಾಲಿಟಿ ಮ್ಯಾನೇಜರ್. ಹುಂಚದ ಕಡೆಯವರು. ಅವರ ಸಹಿ ಇಲ್ಲದೆ ಒಂದು ಪ್ಯಾಕೆಟ್ಟೂ ಗೇಟು ದಾಟುವುದಿಲ್ಲ.

ಹಿಂದೆ ನಿಟ್ಟೂರಿನ ಹತ್ತಿರದ ಒಂದು ತೋಟದಲ್ಲಿ ಮೆಣಸಿನ ಬಳ್ಳಿಯೆಲ್ಲ ಸೊರಗಿ ಸತ್ತು, ಒಂದೇ ಒಂದು ಹಸಿರಾಗಿ ನಿಂತಿತ್ತಂತೆ. ಮೇಡಂ ಅದರ ಬುಡದ ಮಣ್ಣು ತಂದು, ಅದರೊಳಗಿಂದ ಈ ಶಿಲೀಂಧ್ರವನ್ನು ಬೇರೆ ಮಾಡಿ, ವರ್ಷಗಟ್ಟಲೆ ಮಗುವಿನ ಹಾಗೆ ಸಾಕಿದರು. ಅದೇ ನಮ್ಮ ಮೂಲ ತಳಿ. ಮೊಸರಿನ ಹೆಪ್ಪು ಇದ್ದ ಹಾಗೆ. ಅದು ಹೋದರೆ ಮುಂದಿನದು ಯಾವುದೂ ಇಲ್ಲ. ಆ ಬಳ್ಳಿ ಈಗ ಇಲ್ಲ, ಅಲ್ಲಿ ರಸ್ತೆ ಅಗಲವಾಗಿದೆ. ಹಾಗಾಗಿ ಆ ತಳಿ ಉಳಿದಿದ್ದು ನಮ್ಮ ಫ್ರಿಜ್ಜಿನಲ್ಲಿ ಮಾತ್ರ, ಹತ್ತಿಯ ಬಿರಡೆ ಹಾಕಿದ ಗಾಜಿನ ನಳಿಗೆಗಳಲ್ಲಿ.

ಆಯುಧ ಪೂಜೆ ಬಂತು. ಹಬ್ಬಕ್ಕೆ ಊರಿಗೆ ಹೊರಟ ಮೇಡಂ ನನಗೆ ಹೇಳಿದರು: “ಹೊರಗಿನ ಮಷೀನಿಗೆ ಎಷ್ಟು ಬೇಕಾದ್ರೂ ಪೂಜೆ ಮಾಡಿ ಮಂಜಣ್ಣ. ಲ್ಯಾಬಿನ ಗಾಜಿನ ಬಾಗಿಲು ಮಾತ್ರ ದಾಟ್ಬೇಡಿ.”

ದಾಟಿದೆ.

ಬಸ್ಸಿಗೆ ಪೂಜೆ ಮಾಡುವಾಗ ಟಯರಿಗೆ ಹೂವಿಟ್ಟು ಇಂಜಿನ್ ಬಿಟ್ಟು ಬಿಡುತ್ತೇವೆಯೇ? ಇಡೀ ಕಂಪನಿಯ ಅನ್ನ ಇರುವುದೇ ಆ ಫ್ರಿಜ್ಜಿನಲ್ಲಿ. ಅದಕ್ಕೇ ಪೂಜೆ ಇಲ್ಲ ಅಂದರೆ? ಮನೆಯ ಬಾವಿ ನೀರಿಗೆ ತುಳಸಿ ಹಾಕಿ ತಂದಿದ್ದ ತೀರ್ಥವನ್ನು ಮಾವಿನ ಎಲೆಯಲ್ಲಿ ಅದ್ದಿ, ಫ್ರಿಜ್ಜಿನೊಳಗೆ ಧಾರಾಳವಾಗಿ ಚಿಮುಕಿಸಿ ಕೈಮುಗಿದೆ. ಕುಂಕುಮ ಇಡಲಿಲ್ಲ. (ಕಲೆ ಉಳಿದರೆ ಮೇಡಂಗೆ ಗೊತ್ತಾಗುತ್ತದಲ್ಲ! ಭಕ್ತಿಯ ಜೊತೆಗೆ ಇಷ್ಟು ಕಳ್ಳತನವೂ ಇತ್ತು.)

ಹಬ್ಬ ಕಳೆದ ಮೇಲೆ ಮೇಡಂ ಮುಂದಿನ ಸಾಲಿನ ನಳಿಗೆ ತೆಗೆದು ನೋಡಿದರು. ಹಸಿರು ಇರಬೇಕಾದಲ್ಲಿ ಕಪ್ಪು. ಇನ್ನೊಂದು ತೆಗೆದರು. ಕಪ್ಪು. ಮೂರನೆಯದೂ ಕಪ್ಪು. ಹತ್ತಿಯ ಬಿರಡೆಯಿಂದಲೇ ಬೂಷ್ಟು ಕೆಳಗಿಳಿದಿತ್ತು.

ಕಂಪನಿ ಯಜಮಾನರು ಸತೀಶಣ್ಣ. ಓಡಿ ಬಂದರು. “ಎಂತ ಮಾರಾಯ್ರೆ ಇದು? ಯಾರು ಮಾಡಿದ್ದು?”

ನಾನು ನೆಲದ ಟೈಲ್ಸ್ ನೋಡುತ್ತ ನಿಂತೆ. ಮಲೆನಾಡಿನಲ್ಲಿ ಹುಟ್ಟಿದವನಿಗೆ ತೇವ ತಾಗಿದ ಹತ್ತಿಗೆ ಬೂಷ್ಟು ಹೇಗೆ ಬರುತ್ತದೆ ಅಂತ ಯಾರು ಹೇಳಿಕೊಡಬೇಕು? ಆ ಕ್ಷಣವೇ ಗೊತ್ತಾಯಿತು. ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವರು ಮೇಡಂ. “ನಾನೇ ಬಿರಡೆ ಸರಿಯಾಗಿ ಹಾಕಿಲ್ಲ ಅನ್ಸತ್ತೆ ಸರ್.”

ಆಮೇಲಿನ ದಿನಗಳಲ್ಲಿ ಅವರು ತಮ್ಮ ಕೈಯನ್ನೇ ಅನುಮಾನಿಸುವುದನ್ನು ನೋಡಿದೆ. ಊಟದ ಡಬ್ಬಿ ತೆರೆಯದೆ ವಾಪಸ್ ಒಯ್ಯುತ್ತಿದ್ದರು. ಒಟ್ಟಿಗೆ ತಯಾರಾದ ನಳಿಗೆಗಳಲ್ಲಿ ಮೂರು ಕೆಟ್ಟರೆ ಉಳಿದದ್ದನ್ನೂ ನಂಬಬಾರದು, ಎಲ್ಲವನ್ನೂ ನಾಶ ಮಾಡಬೇಕು. ಆ ನಿಯಮ ಮಾಡಿದವರು ಅವರೇ. ಸತೀಶಣ್ಣ ಬೇರೆ ಕಡೆಯಿಂದ ತಳಿ ಕೊಳ್ಳುವ ಮಾತು ಶುರು ಮಾಡಿದರು. ನಾನು ಮನೆಗೆ ಹೋಗಿ ಚೆನ್ನಾಗಿ ಉಂಡೆ. ಇದನ್ನೂ ಬರೆಯಲೇಬೇಕು.

ಕೊನೆಗೊಂದು ಬೆಳಿಗ್ಗೆ ಮೇಡಂ ಎಲ್ಲ ನಳಿಗೆಗಳನ್ನೂ ಟ್ರೇಯಲ್ಲಿ ತಂದರು. “ಕುಕ್ಕರಿಗೆ ಹಾಕಿ ಮಂಜಣ್ಣ” ಅಂದು ಕಿಟಕಿಯ ಕಡೆ ತಿರುಗಿ ನಿಂತರು. ನಾನು ಹಾಕಿದೆ. ಮುಚ್ಚಳ ಬಿಗಿದೆ. ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಬೆರಳು ಒತ್ತಲೇ ಇಲ್ಲ.

“ಮೇಡಂ, ಹಬ್ಬದ ದಿನ ನಾನು ಒಳಗೆ ಹೋಗಿದ್ದೆ.”

ಎಲ್ಲ ಹೇಳಿದೆ. ‘ನಾಳೆಯಿಂದ ಬರಬೇಡಿ’ ಅನ್ನುವ ಮಾತಿಗೆ ಕಾದು ನಿಂತೆ. ಅವರು ತಿರುಗಿದರು, ಕಣ್ಣು ಕೆಂಪಾಗಿತ್ತು. ಕೇಳಿದ್ದು ಮಾತ್ರ ಇಷ್ಟೇ:

“ನೀರು ಎಲ್ಲೆಲ್ಲಿ ಬಿತ್ತು?”

“ಗೊತ್ತಿಲ್ಲ ಮೇಡಂ.”

“ಸರಿ, ಗೊತ್ತು ಮಾಡ್ಕೊಳಣ.”

ಹೀಗೆ ನಡೆದದ್ದು ಇಂಕಿನ ಪೂಜೆ. ಫ್ರಿಜ್ಜಿನಲ್ಲಿ ಖಾಲಿ ನಳಿಗೆ ಜೋಡಿಸಿ, ಹೊಸ ಹತ್ತಿ ಹಾಕಿ, ಹಬ್ಬದ ದಿನ ಮಾಡಿದ ಹಾಗೇ ಮಾಡಿ ಅಂದರು.

“ಮಂತ್ರ ಯಾವ್ದು ಹೇಳ್ಲಿ?”

“ಅವತ್ತು ಹೇಳಿದ್ದೇ.”

“ಅವತ್ತು ಅರ್ಧ ಮರ್ತೋಗಿತ್ತು ಮೇಡಂ.”

“ಹಂಗಾದ್ರೆ ಅರ್ಧನೇ ಹೇಳಿ.”

ಮುಂದಿನ ಸಾಲಿನ ಹತ್ತಿಯೆಲ್ಲ ನೀಲಿ ಚುಕ್ಕಿ. ಕೆಳಗಿನ ಶೆಲ್ಫಿನ ಹಿಂದಿನ ಸಾಲಿನಲ್ಲಿ ಒಂದು ಹನಿಯೂ ಇಲ್ಲ. ನೀರು ತಾಗದ್ದು ಉಳಿದಿರಬಹುದು ಅಂತ ಮೇಡಂ ನಳಿಗೆಯ ಮೇಲಿನ ಚೀಟಿ ನೋಡಿ, ಆಟೋಕ್ಲೇವಿನಿಂದ ಆ ಸಾಲಿನವನ್ನು ಮಾತ್ರ ಹೊರಗೆ ತೆಗೆದು, ಒಂದೊಂದನ್ನೂ ಬೆಳೆಸಿ ಪರೀಕ್ಷೆಗಿಟ್ಟರು. ದಿನಗಟ್ಟಲೆ ಕಾದೆವು. ಒಂದೊಂದೂ ಹಸಿರಾಯಿತು. ಚೊಕ್ಕ ಹಸಿರು. ಮಲೆನಾಡಿನಲ್ಲೇ ಮುದುಕನಾದ ನಾನು ಹಸಿರು ನೋಡಿ ಅತ್ತದ್ದು ಅದೇ ಮೊದಲು.

“ತೀರ್ಥ ಕೆಟ್ಟದ್ದಲ್ಲ ಮಂಜಣ್ಣ” ಅಂದರು ಮೇಡಂ. “ಪವಿತ್ರ ಬೇರೆ, ಸ್ಟೆರೈಲ್ ಬೇರೆ.”

ಸತೀಶಣ್ಣನಿಗೆ ನಾನೇ ಹೋಗಿ ಹೇಳಿದೆ. “ಈ ವಯಸ್ಸಲ್ಲಿ ಎಂತ ಮಾರಾಯ್ರೆ ನೀವು! ಮನೇಲಿ ಆರಾಮಾಗಿ ಇರ್ಬಾರ್ದಾ?” ಅಂದರು. ಆಗ ಮೇಡಂ ಅಂದ ಮಾತಿಗೆ ನಾನು ಬದುಕಿರುವಷ್ಟು ದಿನ ಋಣಿ: “ಸರ್, ಇವ್ರು ಹೇಳದೇ ಇದ್ದಿದ್ರೆ ಇವತ್ತು ನಮ್ಮ ಹತ್ರ ತಳಿನೇ ಇರ್ತಿರ್ಲಿಲ್ಲ. ಆ ಫ್ರಿಜ್ಜಿಗೆ ಬೀಗ ಹಾಕ್ದೇ ಇದ್ದದ್ದು ನನ್ ತಪ್ಪು.”

ಈಗ ಬೀಗ ಬಂದಿದೆ. ನನ್ನ ಕೆಲಸ ಉಳಿದಿದೆ. ಮೇಡಂ ಡಬ್ಬಿ ತೆರೆದು ಉಣ್ಣುತ್ತಿದ್ದಾರೆ. ನಿಟ್ಟೂರಿನ ಆ ಬಳ್ಳಿಯ ಬುಡದ ಜೀವ ಇನ್ನೂ ಬದುಕಿದೆ. ಇಷ್ಟಕ್ಕೆಲ್ಲ ಒಂದೇ ಕಾರಣ: ಮೇಡಂ ‘ಯಾರು’ ಅನ್ನುವುದನ್ನು ಹಿಡಿದು ಕೂರದೆ ‘ಎಲ್ಲಿ’ ಅಂತ ಕೇಳಿದರು. ಸತೀಶಣ್ಣ ಯಾರು ಅಂತ ಕೇಳಿದ ದಿನ ನಾನು ಮೂಕನಾಗಿದ್ದೆ, ನೆನಪಿರಲಿ.

ನಮ್ಮ ಮನೆಗಳಲ್ಲಿ ಗಾಜಿನ ಲೋಟ ಬಿದ್ದ ಸದ್ದಾದರೆ ಒಳಗಿಂದ ಮೊದಲು ಕೇಳುವುದು “ಯಾರದು?” ಅಂತ. “ಕಾಲಿಗೆ ಚುಚ್ಚಿತಾ?” ಅಂತ ಯಾಕಲ್ಲ?