ಅಟ್ಟದ ಕೊಬ್ಬರಿ ಇಳಿಯುವವರೆಗೆ

ಮೊನ್ನೆ ಕೊಬ್ಬರಿ ಇಳಿಸಲೆಂದು ಅಟ್ಟದ ಬಾಗಿಲು ತೆಗೆದೆ. ವರ್ಷವಿಡೀ ಕತ್ತಲಲ್ಲಿ ಕೂತು ಒಣಗಿದ ಕಾಯಿಗಳ ಎಣ್ಣೆವಾಸನೆ ಮುಖಕ್ಕೆ ಬಡಿಯಿತು. ಏಣಿಯ ಮೇಲೇ ಕೂತುಬಿಟ್ಟೆ. ತಿಪಟೂರಿನ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು ನೆನಪಾದರು...

ಬಿಳಿಗೆರೆಯಲ್ಲಿ ನಮ್ಮ ತವರಿನ ಪಕ್ಕದ ಮನೆಯೇ ಅವರದು. ಕ್ವಾಂಟಮ್ ಪಾಠ ತಲೆಗೆ ಹತ್ತದೆ ನಾನು ಅಳುವ ಹಾಗಾದಾಗ ಜಗಲಿಗೆ ಕರೆದು ಕೂರಿಸಿದರು. ಅಟ್ಟದಿಂದ ಒಂದು ಕಾಯಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಗಡಗಡ ಎಂದಿತು.

"ಇದು ಒಡೆದು ನೋಡೋಕೆ ಮುಂಚೇನೇ ಹೆಂಗೈತೋ ಹಂಗೈತೆ. ಕಣದ ಅಲೆ ಹಂಗಲ್ಲ ಕಣವ್ವ. ಯಾರೂ ಅಳೆದು ನೋಡ್ದೆ ಅದರ ಪಾಡಿಗೆ ಬುಟ್ರೆ ಹರಡ್ತಾನೇ ಹೋಯ್ತದೆ. ಇವತ್ತು ಇಲ್ಲೇ ಎಲ್ಲೋ ಐತೆ ಅನ್ನೋದು ನಾಳೆ ಎಲ್ಲಾದ್ರೂ ಸಿಗಬಹುದು. ಸಮೀಕರಣ ಒಂದು ಗಳಿಗೇನೂ ನಿಲ್ಲಲ್ಲ."

ನನಗೆ ಅರ್ಥವಾಗಿದ್ದು ಇಷ್ಟೇ. ನಾವು ನೋಡಲಿಲ್ಲ ಎಂದು ಅದು ಸುಮ್ಮನಿರುವುದಿಲ್ಲ.

ನನ್ನ ಮದುವೆಯಾಗಿ ಕೆಲವು ವರ್ಷಗಳ ಮೇಲೆ ತವರಿಗೆ ಹೋದಾಗ ಅವರ ಕುತ್ತಿಗೆಯಲ್ಲಿ ಹುಣಸೆಬೀಜದಷ್ಟು ಗಂಟು ಕಂಡಿತು. ತುಮಕೂರಿಗೆ ಹೋಗಿ ತೋರಿಸಿ ಎಂದೆ.

"ಅಟ್ಟದ ಕೊಬ್ಬರಿ ಇಳೀಲಿ ಬುಡು, ಆಮೇಲೆ ನೋಡಾನ."

ನಮ್ಮ ಕಡೆ ಮದುವೆ, ಮನೆ ರಿಪೇರಿ, ಕಣ್ಣಿನ ಆಪರೇಷನ್ನು ಎಲ್ಲವೂ ಕೊಬ್ಬರಿ ಇಳಿದ ಮೇಲೇ; ಅದನ್ನು ಮಾರಿದರೇ ಕೈಗೆ ದುಡ್ಡು. ಮೊದಲು ನನಗೂ ಅದು ಸರಿಯೆಂದೇ ಕಂಡಿತು. ಥೂ, ನನ್ನ ಬುದ್ಧಿಗಿಷ್ಟು! ನೋಡದೆ ಬಿಟ್ಟರೆ ಹರಡುತ್ತದೆ ಅಂತ ನೀವೇ ಹೇಳಿದ್ದಿರಲ್ಲ ಮೇಷ್ಟ್ರೇ, ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಮೇಷ್ಟ್ರಿಗೇ ಪಾಠ ಹೇಳುವುದಾ ಎಂದು ಬಾಯಿ ಮುಚ್ಚಿಕೊಂಡು, ಅವರು ಕೊಟ್ಟ ಎಳನೀರು ಕುಡಿದು ಬಂದೆ.

ಕೊಬ್ಬರಿ ಇಳಿಯಲು ಇನ್ನೂ ಏಳು ತಿಂಗಳಿತ್ತು. ಅಷ್ಟರಲ್ಲಿ ಕಾಯಿಲೆ ಎದೆಯವರೆಗೂ ಹಬ್ಬಿ, ಡಾಕ್ಟರು ಕೈಚೆಲ್ಲಿದರು.

ಕಡೆಯ ಸಲ ನೋಡಲು ಹೋದಾಗ ಅವರಿಗೆ ದನಿಯೇ ಇರಲಿಲ್ಲ. ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿಸಿಕೊಂಡೆ.

"ನಂಗೂ ಗೊತ್ತಿತ್ತು ಕಣವ್ವ. ಹೆದರಿಕೆ ಆಗಿತ್ತು... ನೀನಾದ್ರೂ ಬೈದು ಕರ್ಕೊಂಡು ಹೋಯ್ತೀಯ ಅಂದ್ಕೊಂಡಿದ್ದೆ."

ಅವರ ಹೊದಿಕೆ ಸರಿಮಾಡಿ ಎದ್ದು ಬಂದೆ.

ಮೊನ್ನೆ ಏಣಿಯ ಮೇಲೆ ಕೂತವಳು ಕೈಗೆ ಸಿಕ್ಕ ಕಾಯಿಯನ್ನು ಅಲ್ಲಾಡಿಸಿದೆ. ಗಡಗಡ ಎಂದಿತು. ಏನನ್ನಿಸಿತೋ, ಗಟ್ಟಿಯಾಗಿ ಬೈದುಬಿಟ್ಟೆ.

"ಏಳ್ರಿ ಮೇಷ್ಟ್ರೇ, ಇವತ್ತೇ ಹೋಗಾನ. ಕೊಬ್ಬರಿ ಹಾಳಾಗಿ ಹೋಗ್ಲಿ!"

ಏಣಿ ಹಿಡಿದು ಕೆಳಗೆ ನಿಂತಿದ್ದ ನಮ್ಮ ಯಜಮಾನರು ತಲೆಯೆತ್ತಿದರು. "ಯಾರ್ನ ಬೈತಿದ್ದೀಯೇ?"

ಯಾರೂ ಇಲ್ಲ ಎಂದೆ.