ಅಕ್ಕನ ಜಗಲಿ ಸೇರಿದ ಕಾಳ

ಕಳೆದ ವಾರ ನರಸಿಂಹರಾಜಪುರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಸ್ಕೂಟಿಯ ಹಳೆಯ ಬ್ರೇಕ್ ಕೇಬಲ್ ಎಳೆದು ನೆಲಕ್ಕೆ ಹಾಕಿದ. ಗ್ರೀಸ್ ಮೆತ್ತಿದ ಆ ತಂತಿ ಸುರುಳಿ ಸುತ್ತಿಕೊಂಡು ಕುಣಿಕೆಯಂತೆ ಬಿತ್ತು. ನೋಡುತ್ತಲೇ ಪಕ್ಕದ ಮನೆಯ ಅಕ್ಕ ನೆನಪಾದಳು…

ಶೆಟ್ಟಿಕೊಪ್ಪದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಬೇಲಿ. ಊರಿಗೆ ಮೊಬೈಲ್ ಆಗಷ್ಟೇ ಬರುತ್ತಿದ್ದ ಕಾಲ. ಗದ್ದೆಗೆ ಹಂದಿ ನುಗ್ಗುತ್ತದೆಂದು ಜನ ಬೈಕಿನ ಹಳೇ ಬ್ರೇಕ್ ತಂತಿಯಲ್ಲಿ ಉರುಳು ಮಾಡಿ ಬೇಲಿಯ ಕಂಡಿಯಲ್ಲಿ ಕಟ್ಟುತ್ತಿದ್ದರು. ನಮ್ಮ ನಾಯಿ ಕಾಳ ಅಂಥದ್ದೊಂದಕ್ಕೆ ಸಿಕ್ಕಿಬಿದ್ದ. ನಾನು ರಸ್ತೆಯುದ್ದಕ್ಕೂ ಕೂಗುತ್ತಾ ಹುಡುಕುತ್ತಿದ್ದಾಗ, ಗದ್ದೆಯ ಕಡೆ ಸೊಪ್ಪು ತರಲು ಹೋಗಿದ್ದ ಅಕ್ಕನಿಗೆ ಅವನ ನರಳಾಟ ಕೇಳಿತ್ತು. ತಂತಿ ಮುಂಗಾಲಿನ ಮೂಳೆಯವರೆಗೆ ಇಳಿದಿತ್ತು. ಬಿಡಿಸಿಕೊಳ್ಳಲು ಅವನು ತನ್ನ ಕಾಲನ್ನೇ ಕಚ್ಚಿಕೊಂಡಿದ್ದ. ಅಕ್ಕ ಸೆರಗಿನಿಂದ ಅವನ ಮುಖ ಮುಚ್ಚಿ, ತಂತಿ ಸಡಿಲಿಸಿ, ಹೊತ್ತು ತಂದಳು. ಪಶುವೈದ್ಯರು ಆ ಕಾಲನ್ನು ತೆಗೆಯಲೇಬೇಕಾಯಿತು.

ಗಾಯ ಕಂಡರೆ ನನಗೆ ತಲೆ ಸುತ್ತುತ್ತಿತ್ತು. ದಿನವೂ ತೊಳೆದು ಮದ್ದು ಹಚ್ಚಿದವಳು ಅವಳೇ. ಮಾಯುವ ಹೊತ್ತಿಗೆ ಕಾಳ ಅವಳ ಜಗಲಿಯವನಾಗಿದ್ದ. ನಾನು ಕರೆದರೆ ಬಾಲ ಆಡಿಸುತ್ತಿದ್ದ, ಏಳುತ್ತಿರಲಿಲ್ಲ. ಮೀನಿನ ತಲೆ ಹಾಕಿದರೆ ಬಂದು ತಿಂದು, ಮತ್ತೆ ಬೇಲಿ ನುಸುಳಿ ಹೋಗುತ್ತಿದ್ದ. ಮರಿಯಿದ್ದಾಗಿನಿಂದ ಹಾಲು ಹಾಕಿ ಸಾಕಿದವಳು ನಾನು… ಹೊಟ್ಟೆ ಉರಿಯುತ್ತಿತ್ತು.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಉರುಳು ಬಿಚ್ಚಿ ಎಂದು ಮನೆಮನೆಗೆ ಹೋಗತೊಡಗಿದಳು. ಹಿಂದೆ ಕುಂಟುತ್ತಾ ಕಾಳ. ಒಂದು ಬೆಳಿಗ್ಗೆ ಹಾಲಿನ ಡೇರಿಯಲ್ಲಿ, ಆ ಉರುಳು ಕಟ್ಟಿದ್ದ ಗದ್ದೆಯ ಗೌಡರನ್ನೇ ಎಲ್ಲರೆದುರು ಕೇಳಿದಳು. ಗೌಡರಿಗೆ ಸಿಟ್ಟು ಬಂತು.

"ಹಂದಿ ಗದ್ದೆ ಹಾಳು ಮಾಡಿದ್ರೆ ನೀನು ಬಂದು ಕಾಯ್ತೀಯೇನೆ?"

"ಬರ್ತೀನಿ ಗೌಡ್ರೇ, ಡಬ್ಬ ಬಡಿಯೋಕೆ ನಾನೂ ಬರ್ತೀನಿ. ಉರುಳು ಮಾತ್ರ ಬೇಡ. ಬಿದ್ದಿದ್ದು ಸಾಯೋಕೂ ಆಗ್ದೆ ಒದ್ದಾಡ್ತಾ ಇರ್ತದೆ. ಹಂದಿ ಆದ್ರೂ ನೋವು ನೋವೇ ಅಲ್ವಾ?"

ಆಮೇಲೆ, ಹಾಲು ಹಾಕಲು ಬಂದಿದ್ದ ನನ್ನ ಕಡೆ ತಿರುಗಿದಳು. "ನಾಯಿ ಇವಳದ್ದು, ಸಾಕಿದ್ದು ಇವಳು. ಎಂತ ಆಯ್ತು ಹೇಳು ಮಾರಾಯ್ತಿ."

ನಾನು ಹಾಲಿನ ಕ್ಯಾನು ಎತ್ತಿ ಅಳೆಯುವವನ ಮುಂದಿಟ್ಟೆ. ಎಲ್ಲರೂ ಮತ್ತೆ ಅವಳನ್ನೇ ನೋಡಿದರು. ನನ್ನದನ್ನು ನನ್ನದೆಂದು ಅವಳೇ ಹೇಳಿದ್ದಳಲ್ಲ, ಆ ದೊಡ್ಡತನಕ್ಕೂ ಉರಿದುಕೊಂಡೆ.

ಹೇಳಿದಂತೆ ಅವಳು ಕೊಯ್ಲಿನವರೆಗೂ ಗೌಡರ ಮನೆಯವರ ಜೊತೆ ಗದ್ದೆ ಕಾಯಲು ಹೋದಳು. ಮರುವರ್ಷ ಗೌಡರು ಉರುಳು ಕಟ್ಟಲಿಲ್ಲ. ಅವರನ್ನು ನೋಡಿ ಇನ್ನೂ ಕೆಲವರು ಬಿಟ್ಟರು, ಕೆಲವರು ಬಿಡಲಿಲ್ಲ. ಕಾಳ ಮಾತ್ರ ಊರವರ ಬಾಯಲ್ಲಿ 'ಅಕ್ಕನ ನಾಯಿ'ಯಾದ. ನನ್ನ ಗಂಡ ಕೂಡ ಹಾಗೆಯೇ ಕರೆಯುತ್ತಿದ್ದರು.

ಕೆಲವು ವರ್ಷಗಳ ಮೇಲೆ ಅಕ್ಕ ಕಾಯಿಲೆ ಬಿದ್ದು ತೀರಿಕೊಂಡಳು. ಕಾಳ ನನ್ನ ಮನೆಗೆ ಬಂದ. ನಾನು ಬಯಸಿದ್ದು ಅದೇ… ಆದರೆ ಹಾಕಿದ್ದನ್ನು ಅರ್ಧ ತಿಂದು, ಅವಳ ಜಗಲಿಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಮುಂದಿನ ಮಳೆಗಾಲದಲ್ಲಿ ಅವನೂ ಹೋದ.

ಮೊನ್ನೆ, ಹೊಸದಾಗಿ ಗದ್ದೆ ಕೊಂಡವರೊಬ್ಬರು ಉರುಳು ಕಟ್ಟಿದ್ದಾರೆಂದು ಗೊತ್ತಾಗಿ ಅವರ ಮನೆಗೆ ಹೋದೆ. ತೋಚಿದ್ದನ್ನೆಲ್ಲ ಹೇಳಿದೆ. ಅವರು "ನೋಡುವ" ಎಂದು ಒಳಗೆ ಹೋಗಿಬಿಟ್ಟರು. ಅಕ್ಕನಾಗಿದ್ದರೆ ಅವರು ಹಾಗೆ ಎದ್ದು ಹೋಗುತ್ತಿರಲಿಲ್ಲ. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವಳ ಮೇಲೆ ಹೊಟ್ಟೆಕಿಚ್ಚು ಪಟ್ಟೆ, ಅಳುತ್ತಲೇ.