ಹಣ ಕೊಟ್ಟ ಮೇಲಿನ ಮಾತು

ದಾಂಡೇಲಿಯ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಹಣ ಸಂದಾಯವಾದದ್ದನ್ನು ಈಗ ಒಂದು ಪುಟ್ಟ ಡಬ್ಬಿ ಕೂಗಿ ಹೇಳುತ್ತದೆ. ಅದು ಕೂಗಿದ ಕೂಡಲೇ ಚೀಲ ಎತ್ತಿಕೊಂಡು ಮೆಟ್ಟಿಲಿಳಿಯುವುದು ನನ್ನ ಪದ್ಧತಿ. ಅಂಗಡಿಯ ಬಸಣ್ಣ ಆಗ ಇನ್ನೂ ಏನನ್ನೋ ಹೇಳುತ್ತಿರುತ್ತಾನೆ. ಅವನ ವಾಕ್ಯದ ಉತ್ತರಾರ್ಧ ಯಾವಾಗಲೂ ನನ್ನ ಬೆನ್ನಿಗೇ ತಲುಪುತ್ತದೆ. ಪತ್ರಿಕೆಯ ಸುದ್ದಿಮನೆಯಲ್ಲಿ ಆಯುಷ್ಯ ಕಳೆದವನಿಗೆ ಇದು ವೃತ್ತಿಯಿಂದ ಅಂಟಿದ ರೋಗ. ಮುಖ್ಯಾಂಶ ಮೊದಲ ಸಾಲಿನಲ್ಲಿ ಬಂದುಹೋಯಿತೆಂದರೆ ಉಳಿದದ್ದನ್ನು ಬಾಲದಿಂದ ಕತ್ತರಿಸುತ್ತ ಬರಬಹುದು ಎಂಬುದು ನಮ್ಮ ಶಾಸ್ತ್ರ. ಅಂಗಡಿಯಲ್ಲಿ ಹಣವೇ ಮುಖ್ಯಾಂಶ, ಬಸಣ್ಣನ ಮಾತು ಬಾಲ ಎಂದು ನಾನು ತಿಳಿದಿದ್ದೆ.

ಹೀಗೆ ತಿಳಿದವನನ್ನೇ ಹುಡುಕಿಕೊಂಡು, ಹಣ ಕೊಟ್ಟ ಮೇಲೆ ಹೇಳುವ ಮಾತುಗಳನ್ನು ಬರೆಯುವ ಕೆಲಸ ಬಂತು. ಕೊಟ್ಟವಳು ನನ್ನ ಹೆಂಡತಿಯ ತಂಗಿ ಸುವರ್ಣಾ. ಹಳಿಯಾಳದಲ್ಲಿ ಅವಳ ಮಾವನವರ ಕಾಲದ ಅಂಗಡಿಯಿದೆ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಅವರು ಕೂರುತ್ತಿದ್ದ ಗಾದಿಯ ಮೇಲೆ ಈಗ ಇವಳು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾಳೆ. ಕುಂಬಾರವಾಡದ ಕಡೆಯ ಜೇನು, ಮುರುಗಲ ಸಿಪ್ಪೆ, ಬಾಣಂತಿಯರಿಗೆ ಅಂಟಿನುಂಡೆ, ಮುಂಡಗೋಡ ಕಡೆಯ ಹಳ್ಳಿಯಲ್ಲಿ ಬಟ್ಟೆತುಂಡು ಜೋಡಿಸಿ ಹೊದೆಯಲೆಂದು ಹೊಲಿಯುವ ಕೌದಿ, ಇವೆಲ್ಲ ಅವಳ ಆನ್‌ಲೈನ್ ಅಂಗಡಿಯ ಸರಕು. ಗ್ರಾಹಕ ಹಣ ಕಟ್ಟಿದ ಮೇಲೆ ಒಂದು ಪುಟ ತೆರೆದುಕೊಳ್ಳುತ್ತದಲ್ಲ, ಅದರಲ್ಲಿ ಎಲ್ಲರಿಗೂ ಒಂದೇ ಒಣ ‘ಧನ್ಯವಾದಗಳು’ ಇತ್ತು. ಸರಕಿನ ವರ್ಗಕ್ಕೆ ತಕ್ಕಂತೆ ಬೇರೆ ಬೇರೆ ಪುಟ ಬರಬೇಕೆಂದು ಅವಳ ಆಸೆ.

“ಮಾಮಾರ, ನೀವು ಪೇಪರ್‌ನ್ಯಾಗ ಇದ್ದವರು. ನಾಕ್ ಚಂದನ ಮಾತು ಬರದು ಕೊಡ್ರಿ” ಎಂದಳು.

ಕಾಗದ ತಯಾರಾಗುವ ಊರಿನಲ್ಲಿ ಹುಟ್ಟಿ, ಕಾಗದದ ಮೇಲೆ ಬರೆದು ಬದುಕಿದವನಿಗೆ ಕಾಗದವಿಲ್ಲದ ಪುಟ ಒಂದು ಲೆಕ್ಕವೇ ಎಂದು ಹಿಗ್ಗಿ ಒಪ್ಪಿಕೊಂಡೆ. ‘ಚಂದನ ಮಾತು’ ಎಂಬ ಎರಡು ಶಬ್ದಗಳನ್ನು ನಾನು ಆಗ ಗಮನಿಸಬೇಕಿತ್ತು. ಸುದ್ದಿಮನೆಯಲ್ಲಿ ಚಂದದ ಮಾತು ಬರೆದವರನ್ನು ನಾವು ಸಾಹಿತ್ಯ ಪುರವಣಿಗೆ ಎತ್ತಂಗಡಿ ಮಾಡುತ್ತಿದ್ದೆವು.

ಜೇನಿನ ಪುಟದಿಂದ ಆರಂಭಿಸಿದೆ. ಚಳಿಗೆ ಜೇನು ಹರಳುಗಟ್ಟಿದರೆ ಜನ ಅನುಮಾನಿಸುತ್ತಾರೆಂದು ಅವಳು ಹೇಳಿದ್ದಳು. ನಾನು ಬರೆದೆ: ‘ಜೇನು ಗಟ್ಟಿಯಾಗಿರುವುದಕ್ಕೆ ಸಕ್ಕರೆ ಬೆರಕೆಯೇ ಕಾರಣ ಎಂಬ ಆರೋಪದಲ್ಲಿ ಹುರುಳಿಲ್ಲ ಎಂದು ಮೂಲಗಳು ತಿಳಿಸಿವೆ.’ ಸುವರ್ಣಾ ಅದನ್ನು ಓದಿ ನನ್ನ ಮುಖ ನೋಡಿದಳು. “ಮಾಮಾರ, ನಾವು ಮಾರೂದು ಜೇನೋ, ಹಗರಣೋ?”

ನಗುವ ಹಾಗಿದ್ದರೂ ಅವಳ ಚಿಂತೆ ನಗುವಂಥದ್ದಾಗಿರಲಿಲ್ಲ. ಕೌದಿಗಳು ಮರಳಿ ಬರುತ್ತಿದ್ದವು. ಅವನ್ನು ಹೊಲಿಯುವ ರುಕ್ಮವ್ವ, ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಳಗೆ ಒಂದು ಚೂರು ಒಣ ರೊಟ್ಟಿ, ಚಿಟಿಕೆ ಅಕ್ಕಿ ಇಟ್ಟು ಹೊಲಿಯುತ್ತಾಳೆ. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. ನಮ್ಮ ಕಡೆಯ ಹಳೆಯ ಪದ್ಧತಿ. ಗೊತ್ತಿಲ್ಲದ ಗ್ರಾಹಕರ ಬೆರಳಿಗೆ ಅದು ಹರಳಿನಂತೆ ಸಿಕ್ಕಾಗ ಅವರು ಕೊಳೆ ಎಂದೋ ಕಲ್ಲು ಎಂದೋ ಬೈದು ವಾಪಸು ಕಳಿಸುತ್ತಿದ್ದರು. ರೊಟ್ಟಿ ಇಡಬೇಡ ಎಂದರೆ ರುಕ್ಮವ್ವ ಕೇಳಲಿಲ್ಲ. “ಹಸದ ಕೌದಿ ನನ್ನ ಮನಿ ಹೊಸ್ತಿಲ ದಾಟೂದಿಲ್ಲವ್ವಾ” ಎಂದುಬಿಟ್ಟಿದ್ದಳು. ಇನ್ನೊಂದು ಮರಳಿ ಬಂದರೆ ಅಂಗಡಿಯಿಂದ ಕೌದಿಯನ್ನೇ ತೆಗೆದುಹಾಕುವುದೆಂದು ಸುವರ್ಣಾ ತೀರ್ಮಾನಿಸಿದ್ದಳು. ಹಾಗಾದರೆ ರುಕ್ಮವ್ವನ ಜೊತೆ ಹೊಲಿಯುವ ಹೆಂಗಸರ ಸೂಜಿಗಳೂ ನಿಲ್ಲುತ್ತಿದ್ದವು. ಅವರ ಕೊನೆಯ ಆಸರೆ, ದೇವರು ಕಾಪಾಡಲಿ, ನನ್ನ ಪುಟ.

ನಾನು ವಸ್ತುನಿಷ್ಠವಾಗಿ ಬರೆದೆ: ‘ಕೌದಿಯ ಒಂದು ಮೂಲೆಯಲ್ಲಿ ಆಹಾರಪದಾರ್ಥ ಇರಿಸುವ ಸಂಪ್ರದಾಯವಿದೆ ಎನ್ನಲಾಗಿದೆ.’ ಆಮೇಲೆ ವರ್ಗಗಳ ಅನುಕ್ರಮವನ್ನೂ ನಾನೇ ಹಾಕುತ್ತೇನೆಂದು ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡೆ. ಆ ಯಂತ್ರದ ನಿಯಮ ಸರಳ: ಮೇಲಿನಿಂದ ನೋಡುತ್ತ ಬಂದು, ಕೊಂಡ ವಸ್ತು ಮೊದಲು ಯಾವ ವರ್ಗಕ್ಕೆ ಹೊಂದುತ್ತದೋ ಆ ಪುಟವನ್ನು ತೋರಿಸುತ್ತದೆ, ಕೆಳಗೆ ಇಳಿಯುವುದಿಲ್ಲ. ಅನುಕ್ರಮವೆಂದರೆ ನನ್ನ ಕ್ಷೇತ್ರ. ಮುಖಪುಟಕ್ಕೆ ಯಾವ ಸುದ್ದಿ, ಒಳಪುಟಕ್ಕೆ ಯಾವುದು ಎಂದು ನಿರ್ಧರಿಸಿಯೇ ತಲೆ ಬೆಳ್ಳಗಾದವನು. ಮನೆಯಲ್ಲಿ ಮಗು ಹುಟ್ಟಿದ್ದಕ್ಕಿಂತ ದೊಡ್ಡ ಸುದ್ದಿ ಯಾವುದು? ‘ಬಾಣಂತಿ–ಕೂಸು’ ವರ್ಗವನ್ನು ಎಲ್ಲಕ್ಕಿಂತ ಮೇಲೆ ಹಾಕಿ, ಕೌದಿಯನ್ನು ಹಳೆಯ ಸುದ್ದಿಯಂತೆ ತಳಕ್ಕೆ ತಳ್ಳಿದೆ.

ಆದರೆ ಕೂಸಿನ ಪುಟ್ಟ ಕೌದಿ ಎರಡೂ ವರ್ಗಗಳಲ್ಲಿತ್ತು.

ಕೆಲವು ದಿನಗಳ ನಂತರ ನಾನು ಹಳಿಯಾಳದ ಅಂಗಡಿಯಲ್ಲಿ ಕುಳಿತು, ಸಾಂಬ್ರಾಣಿ ಎಂಬ ಹಳ್ಳಿಯಿಂದ ಬಂದ ಬೆಲ್ಲದ ರುಚಿ ಪರೀಕ್ಷಿಸುತ್ತಿದ್ದಾಗ ಅಂಬಿಕಾನಗರದ ಕ್ವಾರ್ಟರ್ಸಿನಿಂದ ಒಬ್ಬ ಅಜ್ಜಿಯ ಫೋನು ಬಂತು. ಮೊಮ್ಮಗನಿಗೆಂದು ಕೌದಿ ತರಿಸಿದವರು. ಸುವರ್ಣಾ ಎಲ್ಲರಿಗೂ ಕೇಳುವಂತೆ ಫೋನನ್ನು ಗಾದಿಯ ಮೇಲಿಟ್ಟಳು.

“ಕೌದಿ ಮುಟ್ಟೇತ್ರಿ, ಛಲೋ ಐತಿ. ಆದರ ಉಂಡಿ ಮೂಲ್ಯಾಗ ಹಾಕಿ ಹೊಲದು ಕಳಸೀರಲ್ರಿ, ಅದನ್ನ ತಗ್ಯೂದು ಹೆಂಗ?”

“ಯಾವ ಉಂಡಿರೀ ಅಮ್ಮಾರ?”

“ನೀವಽ ಬರದೀರಲ್ರಿ! ‘ದಿನಕ್ಕೊಂದು, ಬೆಳಿಗ್ಗೆ ಬಿಸಿ ಹಾಲಿನೊಂದಿಗೆ ಸೇವಿಸಿ, ಒದ್ದೆ ಕೈ ತಾಗಿಸಬೇಡಿ’ ಅಂತ. ಕೈಯಾಡಿಸಿ ನೋಡೇನಿ, ಮೂಲ್ಯಾಗ ಗಟ್ಟೇನೋ ಐತಿ. ಒಂದಽ ಹಾಕೀರಿ ಅನಸ್ತೈತಿ. ಇರಲಿ, ಕತ್ತರಿ ತಗೊಂಡಽ ಕುಂತೇನಿ.”

ಬೆಲ್ಲದ ಚೂರನ್ನು ಕೆಳಗಿಟ್ಟೆ. ‘ಬಾಣಂತಿ–ಕೂಸು’ ವರ್ಗಕ್ಕೆ ಅಂಟಿನುಂಡೆಯನ್ನಷ್ಟೇ ನೆನೆದು ನಾನು ಬರೆದ ಪುಟ, ನನ್ನದೇ ಅನುಕ್ರಮದ ಪ್ರಕಾರ, ಕೌದಿ ಕೊಂಡವರಿಗೆ ತೆರೆದುಕೊಂಡಿತ್ತು. ಆಮೇಲೆ ಕೈಗೆ ಸಿಕ್ಕ ಆ ಗಟ್ಟಿ ಚೂರಿನೊಂದಿಗೆ ಅಜ್ಜಿ ಅದನ್ನು ತರ್ಕಬದ್ಧವಾಗಿ ಜೋಡಿಸಿದ್ದರು. ಅಂಥ ತರ್ಕ ನಮ್ಮ ಯಾವ ವರದಿಗಾರನಿಗೂ ಇರಲಿಲ್ಲ. ಇನ್ನೊಂದು ಕ್ಷಣದಲ್ಲಿ ಕತ್ತರಿ ಆಡುತ್ತದೆ, ಒಳಗೆ ಒಣ ರೊಟ್ಟಿ ಸಿಗುತ್ತದೆ, ಕೌದಿ ಮರಳುತ್ತದೆ, ರುಕ್ಮವ್ವನ ಕೆಲಸ ಮುಗಿಯುತ್ತದೆ. ಸ್ಪಷ್ಟನೆ ನೀಡಲು ನಾನು ‘ವಾಸ್ತವವಾಗಿ’ ಎಂಬ ಶಬ್ದದಿಂದ ಬಾಯಿ ತೆರೆದೆ. ಸುವರ್ಣಾ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದಳು.

“ಅಯ್ಯ ಅಮ್ಮಾರ, ಮದಲ ಕತ್ತರಿ ಕೆಳಗಿಡ್ರಿ! ಅದು ನಿಮಗ ತಿನ್ನಾಕ ಅಲ್ರಿ, ಕೌದಿ ಉಂಡ ರೊಟ್ಟಿ. ಕೂಸಿನ ಮನಿಗೆ ಯಾರನ್ನರ ಹಸದ ಹೊಟ್ಟೀಲೆ ಕಳಸ್ತಾರೇನ್ರಿ? ಉಂಡು ಬಂದೈತಿ. ಇನ್ನ ಅದರ ಕೆಲಸ ನಿಮ್ಮ ಮೊಮ್ಮಗನ್ನ ಬೆಚ್ಚಗ ಮಲಗಸೂದು.”

ಆ ಕಡೆ ಕತ್ತರಿಯನ್ನು ಎಲ್ಲಿಯೋ ಇಟ್ಟ ಟಣ್ ಎಂಬ ಶಬ್ದ ಕೇಳಿತು.

“ಕೌದಿಗೆ ಊಟಾ ಆತು, ಛಲೋ ಆತು” ಎಂದರು ಅಜ್ಜಿ. “ಹಂಗಾರ ನಮ್ಮ ಸೊಸಿಗೆ ಉಂಡಿ ಬ್ಯಾರೆ ಕಳಸ್ರಿ.”

ಫೋನಿಟ್ಟ ಸುವರ್ಣಾ ನನ್ನ ಕಡೆ ತಿರುಗಿದಳು. “ಮಾಮಾರ, ನಿಮ್ಮ ಪುಟಾ ಮದಲನೇ ಸಲ ಮಾಲು ಮಾರ್‍ಸೇತಿ ನೋಡ್ರಿ” ಎಂದಳು. ಅದು ಹೊಗಳಿಕೆಯಲ್ಲ ಎಂದು ತಿಳಿಯುವಷ್ಟು ಅನುಭವ ನನಗಿತ್ತು.

ಅಲ್ಲೇ ಕುಳಿತು ಕೌದಿಯನ್ನು ಅನುಕ್ರಮದ ತುದಿಗೆ ಏರಿಸಿದೆ. ಜನನದ ಸುದ್ದಿ ಎರಡನೆಯ ಸ್ಥಾನಕ್ಕೆ ಇಳಿಯಿತು. ‘ಎನ್ನಲಾಗಿದೆ’ಯನ್ನು ಅಳಿಸಿ, ಸುವರ್ಣಾ ಫೋನಿನಲ್ಲಿ ಹೇಳಿದ್ದನ್ನು ಅವಳ ಮಾತಿನಲ್ಲೇ ಟೈಪು ಮಾಡಿದೆ: ‘ಈ ಕೌದಿ ಉಂಡು ಬಂದೈತಿ. ಮೂಲ್ಯಾಗ ಗಟ್ಟಿ ಹತ್ತಿದರ ಅದು ಅದರ ಊಟ. ಬಿಚ್ಚಬ್ಯಾಡ್ರಿ, ಬೆಚ್ಚಗ ಹೊಚ್ಚಿಕೊಳ್ರಿ.’ ತಿದ್ದಲು ಕೈ ತುರಿಸಿತು, ತಿದ್ದಲಿಲ್ಲ. ಅಂದಿನಿಂದ ಕೌದಿ ಮರಳಿ ಬಂದಿಲ್ಲ. ರುಕ್ಮವ್ವ ಈಗಲೂ ರೊಟ್ಟಿ ಮುರಿದು ಮೂಲೆಗೆ ಇಡುತ್ತಿದ್ದಾಳೆ. ಮಾರಾಟವಾದ ಮೇಲೆ ವಸ್ತು ಒಂದು ಮನೆಗೆ ಹೋಗುತ್ತದೆ. ಕಳಿಸುವವರು ಬಾಗಿಲಲ್ಲಿ ನಿಂತು ಒಂದು ಮಾತು ಹೇಳುತ್ತಾರೆ. ಅದನ್ನು ನಾನು ಇಷ್ಟು ಕಾಲ ಬಾಲವೆಂದು ಕತ್ತರಿಸುತ್ತ ಬಂದಿದ್ದೆ.

ಮೊನ್ನೆ ಸಂಜೆ ಬಸಣ್ಣನ ಅಂಗಡಿಯಲ್ಲಿ ಒಂದು ಕಡ್ಡಿಪೆಟ್ಟಿಗೆ ಕೊಂಡೆ. ಡಬ್ಬಿ ಕೂಗಿತು. ನಾನು ಹೊರಡಲಿಲ್ಲ.

ಬಸಣ್ಣ ಗಾಬರಿಯಾದ. “ಯಾಕ್ರಿ ಸಾಹೇಬ್ರ, ರೊಕ್ಕಾ ಹೆಚ್ಚು ಹೋತೇನು?”

“ಇಲ್ಲ. ನಿನಗೆ ಏನೋ ಹೇಳುವುದಿರುತ್ತದಲ್ಲ.”

ಅವನು ನನ್ನನ್ನೊಮ್ಮೆ, ಹೊರಗಿನ ಆಕಾಶವನ್ನೊಮ್ಮೆ ನೋಡಿದ.

“ಮಳಿ ಬರೂ ಹಂಗ ಐತ್ರಿ. ಕಡ್ಡಿಪೆಟ್ಟಿಗಿ ಒಳಗಿನ ಕಿಸೇದಾಗ ಇಟ್ಕೊಳ್ರಿ.”

ಇಟ್ಟುಕೊಂಡೆ. ಮನೆ ಮುಟ್ಟುವಷ್ಟರಲ್ಲಿ ನಾನು ಪೂರ್ತಿ ತೊಯ್ದಿದ್ದೆ. ಕಡ್ಡಿ ಮಾತ್ರ ಮೊದಲ ಗೀರಿಗೇ ಹೊತ್ತಿಕೊಂಡಿತು.